ಇದು ಜಿಂಕೆನಾ, ಅಂಕಲ್?

ಅದು ೨೦೦೯ರ ಡಿಸೆಂಬರ್. ನಾನು ಶಿಕಾಗೋ ಹತ್ತಿರದ ಕಾಲೇಜಿನಿಂದ ರಜೆಗೆಂದು ಮಿಶಿಗನ್‌ನ ಕ್ಯಾಂಟನ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದೆ. ಕಾಲೇಜಿನ ಚರ್ಚಾ ತಂಡದಲ್ಲಿದ್ದವಳು. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳುವ ಚಟ ಅಲ್ಲಿ ಅಂಟಿತ್ತು. ಮನೆಯಲ್ಲಿ ಅದು ಯಾರಿಗೂ ಇಷ್ಟವಿರಲಿಲ್ಲ.

ಪಕ್ಕದ ಬೀದಿಯ ಬೋಪಯ್ಯ ಅಂಕಲ್ ಕೊಡಗಿನವರು. ಕಾರಿನ ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರಿಗೆ ಆ ವರ್ಷ ಕೆಲಸ ಹೋಗಿತ್ತು. ಹೊಸ ವರ್ಷಕ್ಕೆ ಮನೆ ಖಾಲಿ ಮಾಡಿ ಟೆಕ್ಸಸ್‌ಗೆ ಹೊರಡುವವರಿದ್ದರು. ಅದೇ ವರ್ಷ ಸರ್ಕಾರದ ಲಾಟರಿಯಲ್ಲಿ ಅವರಿಗೆ ಎಲ್ಕ್ ಬೇಟೆಯ ಪರ್ಮಿಟ್ ಬಂತು. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ್ದೇ, ಅದಕ್ಕಿಂತ ದೊಡ್ಡದು. ಗಂಡು ಎಲ್ಕ್ ಹೊಡೆಯುವ ಅವಕಾಶ ಅಲ್ಲಿ ಜೀವಮಾನಕ್ಕೊಮ್ಮೆ. ಎಷ್ಟೋ ವರ್ಷಗಳಿಂದ ಅರ್ಜಿ ಹಾಕುತ್ತಲೇ ಇದ್ದರಂತೆ.

ಜೊತೆಗೆ ಹೋಗುತ್ತಿದ್ದ ಗೆಳೆಯ ಆಗಲೇ ಊರು ಬಿಟ್ಟಿದ್ದ. ಮಂಡಿನೋವಿನ ಗಂಡನನ್ನು ಒಬ್ಬರೇ ಕಾಡಿಗೆ ಕಳಿಸಲು ಆಂಟಿ ಒಪ್ಪಲಿಲ್ಲ. ಹೀಗಾಗಿ, ಮೊಟ್ಟೆ ಕೂಡ ತಿನ್ನದ ನಾನು ಹೊರಟೆ. ದಾರಿಯುದ್ದಕ್ಕೂ ಬೇಟೆಯ ವಿರುದ್ಧ ವಾದ ಮಾಡಬಹುದಲ್ಲ ಎಂಬ ಆಸೆಯೂ ಇತ್ತು.

ಹೊರಡುವ ಹಿಂದಿನ ದಿನ ಅವರ ಗರಾಜಿನಲ್ಲಿ ಎರಡು ಕೋವಿಗಳಿದ್ದವು. ಒಂದು ಪಕ್ಕದ ಮನೆಯವನು ಕೊಟ್ಟ ಮ್ಯಾಗ್ನಮ್ ರೈಫಲ್. ಇನ್ನೊಂದು ಅವರದೇ ಹಳೆಯ ರೈಫಲ್.

“ಎಲ್ಕ್‌ಗೆ ಮ್ಯಾಗ್ನಮ್ಮೇ ಬೇಕು ಅಂತಾನೆ ಅವನು. ಏಟು ಜೋರು.”

“ಯಾರಿಗೆ ಜೋರು?”

ಅಂಕಲ್ ಭುಜ ಉಜ್ಜಿಕೊಂಡು ನಕ್ಕರು. “ನನಗೂ, ಲಾಯರಮ್ಮ. ಅಭ್ಯಾಸಕ್ಕೆ ಅಂತ ಹೊಡೆದು ನೋಡ್ದೆ. ಕೋವಿಯ ಕುದುರೆ ಎಳೆಯೋಕೆ ಮುಂಚೆನೇ ಕಣ್ಣು ಮುಚ್ಚಿಹೋಗುತ್ತೆ. ಕಣ್ಣು ಮುಚ್ಚೋ ಕೋವಿ ಎಷ್ಟು ದೊಡ್ಡದಿದ್ರೇನು?”

ತಮ್ಮದನ್ನೇ ತೆಗೆದುಕೊಂಡರು. ಇನ್ನೂರು ಗಜ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ತಗಲುವಂತೆ ಅದನ್ನು ಹೊಂದಿಸಿದ್ದರು. ಮುನ್ನೂರಾದರೆ ಗುಂಡು ಒಂದು ಗೇಣು ಕೆಳಗೆ ಬೀಳುತ್ತದೆ, ಎದೆಗೆ ಇಟ್ಟದ್ದು ಕಾಲಿಗೆ ತಗಲುತ್ತದೆ ಎಂದು ವಿವರಿಸಿದರು. “ಕಾಲು ಮುರಿದ ಪ್ರಾಣಿ ಕಾಡಲ್ಲಿ ನರಳಿ ಸಾಯುತ್ತೆ. ಅದೊಂದು ನನ್ನ ಕೈಯಿಂದ ಆಗಬಾರದು.”

ರಾಜ್ಯದ ಉತ್ತರದ ಕಾಡಿಗೆ ಹೋಗುವ ದಾರಿಯಲ್ಲಿ ನನ್ನ ವಾದಗಳನ್ನೆಲ್ಲ ಖರ್ಚು ಮಾಡಿದೆ. ಅವರು ಆಂಟಿ ಕೊಟ್ಟ ಕಾಫಿ ಕುಡಿಯುತ್ತ, “ಪಾಯಿಂಟ್ ಇದೆ, ಪಾಯಿಂಟ್ ಇದೆ” ಎಂದು ನಗುತ್ತ ಡ್ರೈವ್ ಮಾಡಿದರು.

ಮೊದಲ ದಿನಗಳಲ್ಲಿ ಏನೂ ಕಾಣಲಿಲ್ಲ. ಕೊನೆಯ ದಿನ ಬೆಳಕು ಹರಿದ ಮೇಲೆ, ಹಿಮ ಮುಚ್ಚಿದ ಬಯಲಿನ ಆಚೆ ಅಂಚಿಗೆ ಗಂಡು ಎಲ್ಕ್ ಒಂದು ಬಂದು ನಿಂತಿತು. ಅಷ್ಟು ದೊಡ್ಡ ಕೊಂಬು ನಾನು ಕಂಡಿರಲಿಲ್ಲ. ದೂರ ಅಳೆಯುವ ಯಂತ್ರವನ್ನು ಅಂಕಲ್ ಕಣ್ಣಿಗೆ ಹಿಡಿದರು. ಚಳಿಗೆ ಅದರ ಬ್ಯಾಟರಿ ಸತ್ತಿತ್ತು. ಅದನ್ನು ಜೇಬಿಗೆ ತುರುಕಿ, ಕೋವಿಯನ್ನು ಕಡಿದ ಮರದ ಬುಡದ ಮೇಲೆ ಊರಿದರು.

“ಇನ್ನೂರು ಗಜ,” ಎಂದು ಪಿಸುಗುಟ್ಟಿದರು.

“ಹೇಗೆ ಗೊತ್ತು?”

“ಇಷ್ಟು ವರ್ಷದ ಅಂದಾಜು. ಸುಮ್ನಿರು.”

“ಯಾವುದನ್ನ ನೋಡಿದ ಅಂದಾಜು?”

“ಜಿಂಕೆ. ಇಲ್ಲಿ ಇನ್ನೇನು ಹೊಡೆದಿದ್ದೀನಿ ನಾನು?”

“ಇದು ಜಿಂಕೆನಾ, ಅಂಕಲ್?”

ಅವರ ಬೆರಳು ಕುದುರೆಯಿಂದ ಈಚೆ ಬಂತು. ಬಯಲನ್ನು ಕಣ್ಣಿನಲ್ಲೇ ಮತ್ತೆ ಅಳೆದರು. ಜಿಂಕೆ ಇಷ್ಟು ದೊಡ್ಡದಾಗಿ ಕಂಡರೆ ಇನ್ನೂರು ಗಜ ಸರಿ. ಆದರೆ ಎಲ್ಕ್ ಅದರ ಒಂದೂವರೆ ಪಟ್ಟು ಎತ್ತರ. ಅದು ಇಷ್ಟೇ ಕಾಣಬೇಕಾದರೆ ಇನ್ನೂ ಬಹಳ ದೂರದಲ್ಲಿರಬೇಕು. ಬಿಳಿ ಬಯಲಿನಲ್ಲಿ ಹೋಲಿಸಿ ನೋಡಲು ಒಂದು ಗಿಡವೂ ಇರಲಿಲ್ಲ.

“ಇಲ್ಲೇ ಇರು,” ಎಂದು ಹೇಳಿ, ಬಯಲಿನ ಅಂಚಿನ ಪೈನ್ ಮರಗಳ ಮರೆಯಲ್ಲಿ ಆ ಮಂಡಿಗಳ ಮೇಲೆಯೇ ತೆವಳುತ್ತ ಹೊರಟರು.

ನಾನು ಒಬ್ಬಳೇ ಉಳಿದೆ. ಅವರ ಕಿತ್ತಳೆ ಬಣ್ಣದ ಜಾಕೆಟ್ ನಿಧಾನವಾಗಿ ಮುಂದೆ ಸಾಗುತ್ತಿತ್ತು. ಎಲ್ಕ್ ಹಿಮ ಕೆದರಿ ಹುಲ್ಲು ತಿನ್ನುತ್ತಿತ್ತು. ನಾನೊಂದು ಚಪ್ಪಾಳೆ ತಟ್ಟಿದ್ದರೆ ಅದು ಕಾಡು ಸೇರುತ್ತಿತ್ತು, ಅಂಕಲ್‌ಗೆ ಇನ್ನೊಂದು ದಿನ ಇರಲಿಲ್ಲ. ಕೈಗವಸು ತೆಗೆದೆ. ಕೈಗಳು ಹಾಗೇ ಮಡಿಲಲ್ಲಿ ಉಳಿದವು.

ಒಂದೇ ಗುಂಡು. ಎಲ್ಕ್ ನಿಂತಲ್ಲೇ ಕುಸಿಯಿತು.

ನಾನು ಹತ್ತಿರ ಹೋಗುವಾಗ ಅಂಕಲ್ ಟೋಪಿ ತೆಗೆದು, ಅದರ ಹಣೆಯ ಮೇಲೆ ಕೈಯಿಟ್ಟು ಕೂತಿದ್ದರು. ಆಮೇಲೆ ಕುಂಟುತ್ತ ನಮ್ಮ ಮೊದಲಿನ ಜಾಗದವರೆಗೂ ಹೆಜ್ಜೆ ಅಳೆದು ನೋಡಿದರು. ಮುನ್ನೂರು ಗಜದ ಮೇಲಿತ್ತು.

“ಅಲ್ಲಿಂದಲೇ ಹೊಡೆದಿದ್ರೆ ಕಾಲು ಮುರೀತಿತ್ತು. ನೀನು ಕೇಳಿದ್ದು ಒಳ್ಳೇದಾಯ್ತು, ಲಾಯರಮ್ಮ.”

“ಗುಂಡು ಕಾಲಿನ ಸಂದೀಲಿ ಹೋಗಿ, ಅದು ಬದುಕಿಕೊಳ್ಳಲೂಬಹುದಿತ್ತು.”

ಅಂಕಲ್ ಯೋಚಿಸಿದರು. “ಪಾಯಿಂಟ್ ಇದೆ,” ಎಂದರು. ಈ ಸಲ ನಗಲಿಲ್ಲ.

ಮನೆಗೆ ಬಂದಾಗ ಅಮ್ಮ, “ಅಲ್ಲಿ ನೀನೇನು ಮಾಡ್ದೆ?” ಎಂದು ಕೇಳಿದಳು.

“ಒಂದು ಪ್ರಶ್ನೆ ಕೇಳಿದೆ.”

“ಅಲ್ಲೂ ಬಿಡಲಿಲ್ವಾ?”

ಟೆಕ್ಸಸ್‌ಗೆ ಹೋದ ಮೇಲೂ ಅಂಕಲ್ ಫೋನ್ ಮಾಡಿದಾಗಲೆಲ್ಲ ಆ ಪ್ರಶ್ನೆಯನ್ನು ನೆನೆಯುತ್ತಾರೆ. ಅವತ್ತು ದಾರಿಯಲ್ಲಿ ಹೂಡಿದ ಯಾವ ವಾದವೂ ಆ ಎಲ್ಕ್ ಅನ್ನು ಉಳಿಸಲಿಲ್ಲ. ಗೆದ್ದ ಒಂದೇ ವಾದ ಅದನ್ನು ಕೊಂದಿತು, ನೋವಿಲ್ಲದೆ. ಪ್ರಶ್ನೆ ಸರಿಯಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಚಪ್ಪಾಳೆಯ ವಿಷಯದಲ್ಲಿ ಮಾತ್ರ ನಾನು ಎರಡೂ ಕಡೆಯಿಂದ ವಾದ ಮಾಡಬಲ್ಲೆ. ಯಾವ ಕಡೆ ಗೆದ್ದರೂ ಸಮಾಧಾನವಾಗುವುದಿಲ್ಲ.