ರಗ್ಗಿನೊಳಗೆ ಹೇಳಿದ ಹೆಸರು

ಅವನ ಎಡಗಿವಿ ಬಲಗಿವಿಗಿಂತ ಒಂಚೂರು ಚಪ್ಪಟೆಯಾಗಿತ್ತು. ಹೆಡ್‌ಫೋನನ್ನು ಯಾವಾಗಲೂ ಆ ಒಂದೇ ಕಿವಿಗೆ ಒತ್ತಿಕೊಂಡು, ಇನ್ನೊಂದನ್ನು ಊರಿಗೆ ಬಿಟ್ಟುಕೊಟ್ಟಿರುತ್ತಿದ್ದ. ಮಾತಾಡುತ್ತ ಮಾತಾಡುತ್ತ ತಟಕ್ಕನೆ ತೋರುಬೆರಳು ಮೇಲೆತ್ತುತ್ತಿದ್ದ. ಅಂದರೆ ಎಲ್ಲೋ ಒಂದು ಬಾಗಿಲು ಕಿರ್ರೆಂದಿದೆ, ಆ ಸದ್ದು ಇವನಿಗೆ ಬೇಕು, ನಾವೆಲ್ಲ ಬಾಯಿ ಮುಚ್ಚಬೇಕು. ಕ್ಯಾಂಟೀನಿನಲ್ಲಿ ಬೋಂಡ ಬಾಯಿಗಿಟ್ಟವನು ಅಗಿಯದೆ ಹಾಗೇ ಕೂತಿರಬೇಕು. ಆ ಬೆರಳನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ, ಒಮ್ಮೆ ನಾನೆತ್ತಿದ ಬೆರಳಿಗೆ ಅವನೇ ಗಪ್‌ಚುಪ್ಪಾದ.

ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ಸೇರಿ ಒಂದು ಹಾರರ್ ಗೇಮ್ ಮಾಡುತ್ತಿದ್ದೆವು. ಕೋಡ್ ಬರೆಯುವುದು, ನಮ್ಮನ್ನು ಬೈಯುವುದು ಎರಡೂ ಟೀಮ್ ಲೀಡರ್ ಹುಡುಗಿಯ ಕೆಲಸ. ಸದ್ದುಗಳೆಲ್ಲ ಅವನವು. ನಾನು ಮಿಮಿಕ್ರಿಯವನು, ದೆವ್ವದ ದನಿ ನನ್ನದು. ಜೊತೆಗೆ ಚಿತ್ರ ಬರೆಯುವುದನ್ನೂ ನನ್ನ ತಲೆಗೇ ಕಟ್ಟಿದ್ದರು, ಹಾಗಾಗಿ ನಮ್ಮ ಗೇಮಿನಲ್ಲಿ ಬಹಳ ಕತ್ತಲೆ.

ಗೇಮಿನಲ್ಲಿ ಹೊಡೆದಾಟವಿಲ್ಲ. ಒಂದು ಹಳೇ ಮನೆ, ಅದರೊಳಗೆ ಸಿಕ್ಕಿಕೊಂಡ ಹುಡುಗ, ಕಣ್ಣು ಕಾಣದ ಒಂದು ಅಜ್ಜಿ ದೆವ್ವ. ಹುಡುಗ ಸದ್ದು ಮಾಡದೆ, ಬೀರುವಿನ ಹಿಂದೆ, ಮಂಚದ ಕೆಳಗೆ ಅಡಗಿಕೊಳ್ಳುತ್ತ ಹೊರಗೆ ಬೀಳಬೇಕು. ಅಜ್ಜಿ ಹತ್ತಿರ ಬಂದು "ಯಾರೋ ಅದು?" ಅನ್ನುತ್ತಾಳೆ. ಆ ದನಿ ಜಯಲಕ್ಷ್ಮಿಪುರಂನ ನಮ್ಮ ಮನೆ ಓನರಮ್ಮನದು. ಅವರಿಗಿನ್ನೂ ಗೊತ್ತಿಲ್ಲ. ಹುಡುಗ ಉತ್ತರ ಕೊಡಬಾರದು. ಆದರೆ ಭಯ ಮಿತಿಮೀರಿದರೆ ಅವನ ಬಾಯಿ ತಾನಾಗಿ ತೆರೆದುಕೊಂಡು ಹೆಸರು ಹೇಳಲು ಹೊರಡುತ್ತದೆ. ಅಲ್ಲಿಗೆ ಆಟ ಮುಗಿಯಿತು. ಇದು ಸೌಂಡಿನವನದೇ ಐಡಿಯಾ. "ಅಡಗಿರೋನು ಕಾಲಿಂದ ಸಿಕ್ಕಾಕೊಳ್ಳಲ್ಲ ಕಣೋ, ಬಾಯಿಂದ," ಎನ್ನುತ್ತಿದ್ದ. ಆ ಹುಡುಗನ ದನಿಯೊಂದು ಮಾತ್ರ ಬಾಕಿ ಇತ್ತು. ಲೀಡರ್ ಕೇಳಿದಾಗಲೆಲ್ಲ "ಕೊನೇಗೆ ಹಾಕ್ತೀನಿ ತಾಯಿ" ಎಂದು ಕೈಮುಗಿಯುತ್ತಿದ್ದ.

ಅವನ ಮನೆ ಲಷ್ಕರ್ ಮೊಹಲ್ಲಾದಲ್ಲಿ, ಅವರಪ್ಪನ ಹಿಟ್ಟಿನ ಮಿಲ್ಲಿನ ಮೇಲೆ. ಕೆಳಗೆ ದಿನವಿಡೀ ರಾಗಿ ಬೀಸುವ ಗಡಗಡ. ಅದಕ್ಕೇ ಅವನು ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದ. ಮಿಲ್ ನಿಂತಿತೋ, ಕೆಳಗೆ ಅವರಪ್ಪ ಕರೆಂಟಿನವರಿಗೆ ಶಾಪ ಹಾಕುವುದೂ, ಮೇಲೆ ಇವನು "ಬಾರೋ ಗಿಣಿ, ಬೇಗ!" ಎಂದು ಕುಣಿಯುವುದೂ ಒಟ್ಟಿಗೇ. ಗಿಣಿ ಅಂದರೆ ನಾನು. ಬೀದಿಯ ಹಾರ್ನು ಕೇಳಿಸದಂತೆ ಇಬ್ಬರ ತಲೆ ಮೇಲೂ ಒಂದು ದಪ್ಪ ರಗ್ಗು ಹೊದ್ದು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದೆವು. ರಗ್ಗಿಗೆಲ್ಲ ಹಿಟ್ಟಿನ ವಾಸನೆ. ಮಧ್ಯೆ ಅವನ ಪುಟ್ಟ ರೆಕಾರ್ಡರಿನ ಕೆಂಪು ದೀಪ.

ನನಗೆ ಉಗ್ಗು ಇದೆಯೆಂದು ಅವನಿಗೆ ಹೇಳಿದ್ದು ಆ ರಗ್ಗಿನೊಳಗೆ. ಬೇರೆಯವರ ದನಿಯಲ್ಲಿ ಮಾತಾಡಿದರೆ ಅದು ಹತ್ತಿರ ಸುಳಿಯುವುದಿಲ್ಲ. ಪ್ರಿನ್ಸಿಪಾಲರಾಗಿ ಅರ್ಧ ಗಂಟೆ ಭಾಷಣ ಬಿಗಿಯುತ್ತೇನೆ, ಕಂಡಕ್ಟರಾಗಿ ಹೆಬ್ಬಾಳದವರೆಗಿನ ಸ್ಟಾಪುಗಳನ್ನೆಲ್ಲ ಕೂಗುತ್ತೇನೆ. ನಾನಾಗಿ ನನ್ನ ಹೆಸರು ಹೇಳಲು ಹೋದರೆ ಮೊದಲಕ್ಷರಕ್ಕೇ ಗಾಡಿ ಕೆಟ್ಟು ನಿಲ್ಲುತ್ತದೆ. ಹಾಗಾಗಿ ದಿನದ ಮಾತನ್ನೂ ಯಾರದಾದರೂ ದನಿಗೆ ಹತ್ತಿಸಿ ದಾಟಿಸುತ್ತಿದ್ದೆ. ಕಾಲೇಜಿಗೆ ಕಾಲೇಜೇ ನನ್ನನ್ನು ಕೋತಿ ಅಂದುಕೊಂಡಿತ್ತು. ನನಗೂ ಅದೇ ಬೇಕಿತ್ತು.

ಆದರೆ ಪ್ರಾಜೆಕ್ಟಿನ ವೈವಾದಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ಹೆಸರು ಹೇಳಬೇಕಿತ್ತು. ಒಂದು ಸಲ, ಒಂದೇ ಒಂದು ಸಲ, ಅದನ್ನು ನನ್ನ ಸ್ವಂತ ದನಿಯಲ್ಲಿ ಹೇಳಬೇಕೆಂಬ ಹುಚ್ಚು ನನಗೆ ಹತ್ತಿಬಿಟ್ಟಿತ್ತು.

"ಹೇಳು ಮತ್ತೆ," ಅಂದ ಅವನು, ರಗ್ಗಿನೊಳಗೆ.

"ಯಾ... ಯಾವಾಗ ಮುಗಿಯುತ್ತೋ ಗೊತ್ತಿಲ್ಲ."

"ನಾನೇನ್ ರೈಲು ಹಿಡೀಬೇಕಾ? ಕರೆಂಟೂ ಬಂದಿಲ್ಲ. ಕಾಯ್ತೀನಿ ಬುಡು."

"ರೆಕಾರ್ಡರ್ ಯಾಕೋ ಆ... ಆನ್ ಆಗಿದೆ?"

"ಕೇಳ್ಕೊಂಡು ನೀನೇ ತಿದ್ಕೊಳ್ಳೋಕೆ ಕಣೋ. ಆಮೇಲೆ ಎಲ್ಲಾ ಅಳಿಸ್ತೀನಿ."

ಕಾದ. ನಮ್ಮಮ್ಮನೇ ಕಾಯುವುದಿಲ್ಲ. ನಾನು 'ಅ' ಅನ್ನುವಷ್ಟರಲ್ಲಿ ಅನ್ನ ಬಡಿಸಿಬಿಡುತ್ತಾಳೆ, ನಾನು ಕೇಳಹೊರಟದ್ದು ಅಪ್ಪನ ಸ್ಕೂಟರ್ ಕೀ ಆಗಿರುತ್ತದೆ. ಇವನೊಬ್ಬ ನನ್ನ ಮಾತನ್ನು ಯಾವತ್ತೂ ತಾನು ಮುಗಿಸಿಕೊಡಲಿಲ್ಲ. ಮುಖ ಹಿಂಡಲಿಲ್ಲ, ಪಾಪ ಅನ್ನಲಿಲ್ಲ. ಕೆಂಪು ಬೆಳಕಿನಲ್ಲಿ ಬೆರಳೆತ್ತಿಕೊಂಡು ಸುಮ್ಮನೆ ಕೂತಿರುತ್ತಿದ್ದ. ಕರೆಂಟ್ ಹೋದ ಎಷ್ಟೋ ಮಧ್ಯಾಹ್ನಗಳು ಹೀಗೇ ಹೋದವು. ಕೊನೆಗೊಂದು ದಿನ, ಎಳೆದಾಡಿ ಎಳೆದಾಡಿ, ನನ್ನ ಹೆಸರು ಪೂರ್ತಿ ಹೊರಗೆ ಬಂತು. ಅದರ ಹಿಂದೆಯೇ ಇನ್ನೊಂದು ಸಲ, ಎಲ್ಲೂ ತಡೆಯದೆ, ಬೆಣ್ಣೆಯ ಹಾಗೆ.

ಅವನು ನನ್ನ ಬೆನ್ನಿಗೊಂದು ಗುದ್ದಿದ. "ನೋಡ್ದಾ! ಬಂದ್ಬುಡ್ತು ಕಣೋ!"

ಅಷ್ಟರಲ್ಲಿ ಕೆಳಗೆ ಮಿಲ್ ಶುರುವಾಯಿತು. ರಗ್ಗು ಸರಿಸಿ ನೋಡಿದರೆ ಇಬ್ಬರೂ ಬೆವರಿ, ತಲೆಗೆಲ್ಲ ಹಿಟ್ಟು ಮೆತ್ತಿಕೊಂಡು, ಮೂಟೆಯೊಳಗೆ ಸಿಕ್ಕಿಬಿದ್ದ ಹೆಗ್ಗಣಗಳ ಥರ ಇದ್ದೆವು.

ವೈವಾದ ದಿನ ಲ್ಯಾಬ್ ತುಂಬಿತ್ತು. ಹೊರಗಿನಿಂದ ಬಂದ ಪರೀಕ್ಷಕರೇ ಮೌಸ್ ಹಿಡಿದು ಗೇಮ್ ಆಡುತ್ತಿದ್ದರು, ಪಕ್ಕದಲ್ಲಿ ನಮ್ಮ ಗೈಡ್ ಮೇಡಂ, ಹಿಂದೆ ಇಡೀ ಕ್ಲಾಸು. ಹುಡುಗ ಮಂಚದ ಕೆಳಗೆ ಸೇರಿಕೊಂಡ. ಅಜ್ಜಿ ಬಂದು ನಿಂತಳು. "ಯಾರೋ ಅದು?" ಭಯ ಮಿತಿಮೀರಿತು. ಹುಡುಗನ ಬಾಯಿ ತೆರೆಯಿತು.

"ನ... ನನ್ಹೆ... ಮ್... ಮ್... ಮ—"

ನಾನು. ನಾಲಿಗೆ ಅಂಟಿ ಬಿಡುವ ಆ ಚಿಟಕ್ ಸದ್ದು, ಮೂಗಿನಲ್ಲಿ ಮೇಲಕ್ಕೆಳೆದುಕೊಳ್ಳುವ ಆ ಉಸಿರು, ಎಲ್ಲ ನನ್ನದೇ. ಹೆಸರು ಹೊರಗೆ ಬರುವ ಮುಂಚೆಯೇ ಸೌಂಡಿನವನು ಅದನ್ನು ಕತ್ತರಿಸಿದ್ದ. ಅಜ್ಜಿ ಹಿಡಿದುಕೊಂಡಳು. ಪರೀಕ್ಷಕರು ಮೌಸ್ ಬಿಟ್ಟು ಕುರ್ಚಿಯಲ್ಲಿ ಹಿಂದಕ್ಕೆ ಜಿಗಿದರು. ಹಿಂದಿನಿಂದ ಚಪ್ಪಾಳೆ.

ಮೇಡಂ ನನ್ನ ಕಡೆ ತಿರುಗಿದರು. "ಏನಪ್ಪಾ, ಇದೂ ನಿಂದೇ ಮಿಮಿಕ್ರಿನಾ? ಮೈ ಜುಮ್ ಅಂತು ಕಣಯ್ಯ!"

ಅದು ಮಿಮಿಕ್ರಿಯಲ್ಲ ಅಂತ ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರೇ. ಇನ್ನೊಬ್ಬ ಹೆಡ್‌ಫೋನಿನ ವೈರು ಬಿಡಿಸಿಕೊಳ್ಳುತ್ತಿದ್ದ.

"ಸರಿ, ನಿಮ್ಮ ಹೆಸರು ಹೇಳಿ," ಅಂದರು ಪರೀಕ್ಷಕರು.

ಈಗ ನಾನು ಉಗ್ಗಿದರೆ ಇವರು ಮತ್ತೆ ಚಪ್ಪಾಳೆ ಹೊಡೆಯುತ್ತಾರೆ. ಪ್ರಿನ್ಸಿಪಾಲರ ದನಿಯಲ್ಲಿ ಹೆಸರು ಹೇಳಿದೆ. ಲ್ಯಾಬಿಗೆ ಲ್ಯಾಬೇ ಬಿದ್ದು ಬಿದ್ದು ನಕ್ಕಿತು. ಮಾರ್ಕ್ಸ್ ಚೆನ್ನಾಗೇ ಬಂತು.

ಹೊರಗೆ ಕಾರಿಡಾರಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದೆ. "ಯಾಕೋ" ಅನ್ನುವುದಕ್ಕೇ ತುಂಬ ಹೊತ್ತು ಹಿಡಿಯಿತು, ಯಾರ ದನಿಯನ್ನೂ ಎರವಲು ತಂದಿರಲಿಲ್ಲ. ಅವನು ಕಾದ, ಯಾವತ್ತಿನ ಹಾಗೆ.

"ಆಕ್ಟ್ ಮಾಡಿದ್ರೆ ಆ ಸದ್ದು ಬರಲ್ಲ ಕಣೋ. ಎಷ್ಟೋ ಜನರ ಹತ್ರ ಟ್ರೈ ಮಾಡ್ದೆ. ಯಾರ್ಗೂ ಗೊತ್ತಾಗ್ಲಿಲ್ವಲ್ಲ, ಬುಡು."

"ಪೂ... ಪೂರ್ತಿ ಹೇಳಿದ್ನಲ್ಲ, ಅದೆಲ್ಲಿ?"

ಅವನು ನೆನಪು ಮಾಡಿಕೊಳ್ಳಬೇಕಾಯಿತು.

"ಓ, ಅದಾ? ಅಳಿಸ್ಬುಟ್ಟೆ. ಅದ್ರಲ್ಲಿ ಭಯ ಇರ್ಲಿಲ್ಲ."

ಆಮೇಲೆ ನಾವು ಮಾತಾಡಿಲ್ಲ. ಇದೇ ಊರಲ್ಲಿದ್ದಾನೆ, ಯಾವುದೋ ಗೇಮ್ ಕಂಪನಿಗೆ ಸದ್ದು ಮಾಡಿಕೊಡುತ್ತಾನಂತೆ. ಗೆಳೆಯರು ಸೇರಿದಾಗ "ಅವನದೊಂದು ಮಾಡೋ" ಅಂತ ಪೀಡಿಸುತ್ತಾರೆ. ಊರಿನವರನ್ನೆಲ್ಲ ಮಾಡುತ್ತೇನೆ, ಅವನನ್ನು ಮಾಡಲು ಹೋದರೆ ಬೆರಳು ಏಳುವುದಿಲ್ಲ. ಅವನು ಕಾದದ್ದು ನನಗೋ, ಆ ಸದ್ದಿಗೋ? ಸದ್ದಿಗೇ ಅಂತ ನನಗೆ ಗೊತ್ತು. ಆದರೂ ಕಾದವನು ಅವನೊಬ್ಬನೇ. ಅವನ ಮೇಲಿನ ಸಿಟ್ಟು ಆರದಿರುವುದೂ ಅದಕ್ಕೇ.

ಮೊನ್ನೆ ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಒಬ್ಬ ಹುಡುಗಿ ಹೆಸರು ಕೇಳಿದಳು. ಕಂಡಕ್ಟರನ್ನೂ ಕರೆಯಲಿಲ್ಲ, ಪ್ರಿನ್ಸಿಪಾಲರನ್ನೂ ಕರೆಯಲಿಲ್ಲ, ನಾನೇ ಬಾಯಿ ತೆರೆದೆ. ಎಳೆಯಿತು, ನಿಂತಿತು, ಮತ್ತೆ ಎಳೆಯಿತು. ಹಿಂದೆ ನಿಂತವರು ಕೆಮ್ಮಿದರು. ಕೊನೆಗೆ ಹೆಸರು ಪೂರ್ತಿ ಬಂತು, ಅವಳು ಟೈಪ್ ಮಾಡಿಕೊಂಡಳು. ನಾನು ಮಾತ್ರ ಕೌಂಟರಿನ ಮೇಲೆ, ಅವಳ ಕೈಯ ಹತ್ತಿರ, ಎಲ್ಲಾದರೂ ಒಂದು ಕೆಂಪು ದೀಪ ಉರಿಯುತ್ತಿದೆಯಾ ಅಂತ ಹುಡುಕುತ್ತಿದ್ದೆ.