ಕೊನೆಯ ಕಂತಿನ ಟಿಪ್ಪಣಿ

ಮೊನ್ನೆ ಕೊಳ್ಳೇಗಾಲದ ನಮ್ಮ ಪತ್ರಿಕಾ ಕಚೇರಿಯ ಬೀರು ಖಾಲಿ ಮಾಡುವಾಗ ಟಿ.ವಿ. ವಾಹಿನಿಯೊಂದು ಪತ್ರಿಕೆಗಳಿಗೆ ಕಳಿಸಿದ್ದ ಹಳೆಯ ಟಿಪ್ಪಣಿ ಸಿಕ್ಕಿತು. ಎರಡು ಹಾಳೆ, ತುಕ್ಕು ಹಿಡಿದ ಪಿನ್ನು. ಮೇಲೆ ಕೆಂಪಕ್ಷರದಲ್ಲಿ 'ಪ್ರಸಾರಕ್ಕೆ ಮುನ್ನ ಪ್ರಕಟಿಸುವಂತಿಲ್ಲ' ಎಂದಿತ್ತು. ಒಳಗಿರುವುದನ್ನು ಓದಬೇಕಾಗಿರಲಿಲ್ಲ... ಅದನ್ನೇ ಕೇಳಿಕೊಂಡು ಹಿಂದೊಮ್ಮೆ ಒಬ್ಬರು ನನ್ನ ಮೇಜಿನ ಮುಂದೆ ನಿಂತಿದ್ದರು.

ಅವರು ರಾಮಾಪುರದಲ್ಲಿ ನಮ್ಮ ಪತ್ರಿಕೆಯ ಏಜೆಂಟರು. ಬಸ್ ನಿಲ್ದಾಣದ ಬಳಿ ಅವರದೊಂದು ಪೆಟ್ಟಿಗೆ ಅಂಗಡಿ. ಆಗ ಪ್ರತಿ ಗುರುವಾರ ಸಂಜೆ ಕನ್ನಡಕ್ಕೆ ಡಬ್ ಆದ ಧಾರಾವಾಹಿಯೊಂದು ಬರುತ್ತಿತ್ತು. ನಕ್ಷತ್ರಗಳ ನಡುವೆ ದಾರಿ ತಪ್ಪಿದ ನೌಕೆಯೊಂದು ಭೂಮಿಯನ್ನು ಹುಡುಕುವ ಕಥೆ. ವರ್ಷಗಟ್ಟಲೆ ನಡೆಯಿತು. ಪ್ರತಿ ಕಂತಿನ ಕಥೆಯನ್ನು ಶುಕ್ರವಾರದ ಪತ್ರಿಕೆಯಲ್ಲಿ ಅರ್ಧ ಕಾಲಂ ಬರೆಯುವುದು ನನ್ನ ಕೆಲಸ. ಇಷ್ಟಪಟ್ಟು ಬರೆಯುತ್ತಿದ್ದೆ ಎನ್ನಲಾರೆ.

ಏಜೆಂಟರು ಮೊದಲು ಧಾರಾವಾಹಿಯನ್ನೇ ನೋಡುತ್ತಿದ್ದರು. ಕಿಡ್ನಿ ಕೆಟ್ಟ ಮೇಲೆ ಸೋಮವಾರ, ಗುರುವಾರ ಕೊಳ್ಳೇಗಾಲಕ್ಕೆ ಡಯಾಲಿಸಿಸ್‌ಗೆ ಬರಬೇಕಾಯಿತು. ಕಂತು ಪ್ರಸಾರವಾಗುವ ಹೊತ್ತಿಗೆ ಅವರಿನ್ನೂ ವಾಪಸಿನ ಬಸ್ಸಿನಲ್ಲಿರುತ್ತಿದ್ದರು. ಹಾಗಾಗಿ ನನ್ನ ಅರ್ಧ ಕಾಲಂ ಅವರ ಪಾಲಿನ ಧಾರಾವಾಹಿಯಾಯಿತು. ಸೋಮವಾರ ಆಸ್ಪತ್ರೆ ಮುಗಿಸಿ, ಕೈಗೆ ಹತ್ತಿ ಒತ್ತಿಕೊಂಡೇ ಕಚೇರಿಗೆ ಬಂದು ತಪ್ಪು ಹಿಡಿಯುತ್ತಿದ್ದರು.

"ಓದ್ವಾರ ಕ್ಯಾಪ್ಟನ್ ಎಡಗೈಗೆ ಏಟು ಬಿತ್ತು ಅಂದ್ರಿ, ಈ ವಾರ ಬಲಗೈ ಅಂತ ಬರ್ದಿದೀರಿ. ಕಣ್ಣೆಲ್ಲಿ ಮಡಿಕ್ಕಂಡಿದ್ರಿ ಸಾ?"

ಕೊನೆಯ ಕಂತಿನ ವಾರದ ಸೋಮವಾರವೂ ಬಂದರು. ಮುಖ ಊದಿತ್ತು. ಕೊನೆಯ ಕಂತಿನ ಕಥೆಯಿದ್ದ ಆ ಟಿಪ್ಪಣಿ ನನ್ನ ಮೇಜಿನ ಮೇಲೇ ಇತ್ತು.

"ಅವ್ರು ಊರು ಸೇರ್ಕತಾರಾ ಸಾ? ಅಷ್ಟು ಯೋಳ್ಬುಡಿ, ಗುರುವಾರ ತೆಪ್ಪಗೆ ಆಸ್ಪತ್ರೆಗೆ ಬತ್ತೀನಿ. ಇಲ್ದಿದ್ರೆ ಮನೇಲೇ ಟಿ.ವಿ. ಮುಂದೆ ಕುಂತ್ಕತೀನಿ, ನೋಡಿ ಮತ್ತೆ."

"ಹೇಳುವ ಹಾಗಿಲ್ಲ ಏಜೆಂಟರೇ. ಶುಕ್ರವಾರ ಓದಿ."

"ಗುಟ್ಟು ಕಾಯಕೆ ನೀವೇನು ಪೊಲೀಸ್ ಸ್ಟೇಷನ್ ರೈಟ್ರಾ?" ಎಂದು ನಕ್ಕರು. ನಾನೂ ನಕ್ಕೆ. ಆಸ್ಪತ್ರೆ ತಪ್ಪಿಸುತ್ತೇನೆ ಅಂದದ್ದು ತಮಾಷೆ ಎಂದುಕೊಂಡೆ. ಸುದ್ದಿಮನೆಯಲ್ಲಿ ಕೊಟ್ಟ ಮಾತು ಮುರಿಯಬಾರದು ಎಂದು ಕಲಿತಿದ್ದವನು ನಾನು. ಪ್ರಕಟಿಸುವುದು ಬೇರೆ, ಒಬ್ಬ ಮನುಷ್ಯನ ಕಿವಿಗೆ ಹೇಳುವುದು ಬೇರೆ ಎಂಬುದು ಆಗ ಹೊಳೆಯಲಿಲ್ಲ.

ಗುರುವಾರ ಅವರು ಆಸ್ಪತ್ರೆಗೆ ಬರಲಿಲ್ಲ. ನನಗದು ತಿಳಿದದ್ದು ಸಂಜೆ ಅವರ ಫೋನು ಬಂದಾಗ. ಉಸಿರು ಎಳೆದೆಳೆದು ಮಾತಾಡುತ್ತಿದ್ದರು.

"ಅರ್ಧಕ್ಕೇ ಕರೆಂಟ್ ಓಯ್ತು ಸಾ. ಈಗಂತೂ ಮುಗ್ದದಲ್ಲ, ಈಗಾದ್ರೂ ಯೋಳಿ."

ಯಳಂದೂರಿನ ಪುಟ ಅಚ್ಚಿಗೆ ಹೋಗಬೇಕಿತ್ತು. ಪಕ್ಕದಲ್ಲಿ ಯಾರೋ ಶೀರ್ಷಿಕೆ ಕೇಳುತ್ತಿದ್ದರು. "ಬೆಳಿಗ್ಗೆ ಪೇಪರ್‌ನಲ್ಲಿ ಬರುತ್ತೆ, ನೋಡಿ" ಎಂದು ಇಟ್ಟುಬಿಟ್ಟೆ. ಹೇಳಿದ್ದರೆ ಒಂದೇ ವಾಕ್ಯ... ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ರಾಮಾಪುರಕ್ಕೆ ಹೊರಟಿತು. ಅದೇ ಹೊತ್ತಿಗೆ ಆಂಬುಲೆನ್ಸ್ ಅವರನ್ನು ಕೊಳ್ಳೇಗಾಲಕ್ಕೆ ತರುತ್ತಿತ್ತು. ಹನೂರು ದಾಟುವ ಮೊದಲೇ ಹೋಗಿಬಿಟ್ಟಿದ್ದರು. ಬಸ್ಸೂ ಆಂಬುಲೆನ್ಸೂ ಆ ರಸ್ತೆಯಲ್ಲೇ ಎಲ್ಲೋ ಎದುರುಬದುರಾಗಿ ಹಾದುಹೋಗಿರಬೇಕು.

ಮಣ್ಣಿಗೆ ಹೋಗಿದ್ದೆ. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು ಹತ್ತಿರ ಬಂದರು. ಗಟ್ಟಿಯಾಗಿ ಮಾತಾಡಲಿಲ್ಲ.

"ನೀವೊಂದು ಮಾತು ಯೋಳಿದ್ರೆ ಆಸ್ಪತ್ರೆಗೆ ಓಯ್ತಿದ್ರು ಸಾ."

ಅಷ್ಟರಲ್ಲಿ ಯಾರೋ ಆಕೆಯನ್ನು ಒಳಗೆ ಕರೆದರು.

ಈಗ ನಮ್ಮ ಪತ್ರಿಕೆ ಹನೂರಿನಿಂದಾಚೆಗೆ ಹೋಗುವುದಿಲ್ಲ. ರಾಮಾಪುರಕ್ಕೆ ಬೇರೆ ಏಜೆಂಟರು ಸಿಗಲಿಲ್ಲ. ಒಂದೇ ಸರದಿ ಡಯಾಲಿಸಿಸ್ ತಪ್ಪಿದ್ದರಿಂದ ಜೀವ ಹೋಯಿತೇ ಎಂದು ವೈದ್ಯರನ್ನು ಕೇಳಬಹುದಿತ್ತು. ಊರವರನ್ನೆಲ್ಲ ಪ್ರಶ್ನೆ ಕೇಳಿ ಬದುಕಿದ ನಾನು ಅದೊಂದನ್ನು ಇವತ್ತಿನವರೆಗೂ ಕೇಳಿಲ್ಲ. ಆಕೆ ಹೇಳಿದ್ದು ಮಾತ್ರ ನಿಜ. ನಾನು ಹೇಳಿದ್ದರೆ ಅವರು ಆಸ್ಪತ್ರೆಗೆ ಹೋಗುತ್ತಿದ್ದರು.