ಸಂಗವ್ವನ ಕೆಮ್ಮು, ಈರಣ್ಣನ ಮೆಣಸಿನಕಾಯಿ

ನಮ್ಮತ್ತೆ ಸಂಗವ್ವನವರಿಗೆ ಬುದ್ಧಿ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ. ಮಾವನವರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಖಾನಾಪುರದಲ್ಲಿ ಖಾರ ಕುಟ್ಟುವ ಗಿರಣಿಯನ್ನು ಒಬ್ಬರೇ ನಡೆಸಿದವರು. ಗಿರಾಕಿಗಳು ಬಾಗಿಲಲ್ಲೇ ಸೀನಿ ಸೀನಿ ಸುಸ್ತಾಗುತ್ತಿದ್ದರು. ಇವರು ಒಳಗೆ ಮೂಗಿಗೊಂದು ಬಟ್ಟೆಯನ್ನೂ ಕಟ್ಟದೆ ಎಲೆಅಡಿಕೆ ಜಗಿಯುತ್ತಿದ್ದರು. ಮೆಣಸಿನಕಾಯಿ ಬರುತ್ತಿದ್ದುದು ಈರಣ್ಣನ ಅಂಗಡಿಯಿಂದ. ಅತ್ತೆಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಪ್ರತಿ ನಾಗರಪಂಚಮಿಗೆ ತವರಿನ ಉಂಡಿ, ಸೀರೆ ಹಿಡಿದು ಬರುವ ಈರಣ್ಣನೇ ಅಣ್ಣ. ಆ ಸೀರೆ ಉಟ್ಟ ದಿನ ಅತ್ತೆಯ ಠೀವಿ ನೋಡಬೇಕು!

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಅವರಿಗೆ ನೆಗಡಿ, ಜ್ವರ ಬಂತು. ಜ್ವರ ವಾರದಲ್ಲಿ ಹೋಯಿತು, ಕೆಮ್ಮು ಉಳಿಯಿತು. ಗಿರಣಿಯಲ್ಲಿ ನಿಮಿಷ ನಿಲ್ಲಲಾಗದು. ಬುದ್ಧಿ ಇದ್ದವರು ಡಾಕ್ಟರ ಹತ್ತಿರ ಹೋಗುತ್ತಾರೆ. ನಮ್ಮತ್ತೆ ಮೆಣಸಿನಕಾಯಿ ಚೀಲ ಹೊರಿಸಿಕೊಂಡು ಸಂತೆಯ ದಿನವೇ ಈರಣ್ಣನ ಅಂಗಡಿಗೆ ಹೋದರು.

"ಬ್ಯಾಡಗಿ ಅಂತ ಹೇಳಿ ಏನ ಕಲಬೆರಕಿ ಮಾಡೀಯೋ? ಇಪ್ಪತ್ತ ವರ್ಷ ಕೆಮ್ಮಿಲ್ಲ ನಾ!"

ಈರಣ್ಣ ಮಾವ ಚೀಲ ಒಳಗೆ ತೆಗೆದುಕೊಂಡರು. ಅಂದು ಅವರ ಅರ್ಧ ಗಿರಾಕಿ ಬೇರೆ ಅಂಗಡಿಗೆ ಹೋದರು.

ಬೇರೆ ಅಂಗಡಿಯ ಮೆಣಸಿನಕಾಯಿಗೂ ಅದೇ ಕೆಮ್ಮು. ಒಗ್ಗರಣೆಗೆ ಕೆಮ್ಮು, ಊದಿನಕಡ್ಡಿಗೆ ಕೆಮ್ಮು, ನಕ್ಕರೂ ಕೆಮ್ಮು.

"ಊದಿನಕಡ್ಡೀನೂ ಈರಣ್ಣ ಮಾವನ ಕೆಡಿಸ್ಯಾರೇನ್ರಿ ಅತ್ತಿ?" ಎಂದು ಕೇಳಿ, ಬೈಸಿಕೊಂಡು, ಬೆಳಗಾವಿಗೆ ಎಳೆದುಕೊಂಡು ಹೋದೆ.

ಎಕ್ಸ್‌ರೇ, ಕಫದ ಪರೀಕ್ಷೆ ಎರಡರಲ್ಲೂ ಏನೂ ಸಿಗಲಿಲ್ಲ. ಡಾಕ್ಟರು ತಾಳ್ಮೆಯಿಂದ ಹೇಳಿದರು: "ಜ್ವರ ಹೋಗೇತ್ರಿ ಅವ್ವಾರ, ಆದ್ರ ಶ್ವಾಸನಾಳದಾಗ ಉರಿಯೂತ ಉಳದೈತಿ. ಆ ಜಾಗದಾಗ ಕೆಲವು ರಾಸಾಯನಿಕ ಹುಟ್ಟತಾವ, ಅವು ಒಳಗಿನ ನರಾನ ಕೆರಳಿಸಿ ಇಡತಾವ. ಮೊದಲ ಬೊಗಸಿ ಖಾರಕ್ಕ ಸುಮ್ಮನಿದ್ದ ನರ ಈಗ ಚೂರು ಹೊಗಿಗೂ ಕೆಮ್ಮು ಎಬ್ಬಸ್ತೈತಿ. ಬಿಸಲಾಗ ಸುಟ್ಟ ಬೆನ್ನಿಗೆ ಉಗುರುಬೆಚ್ಚನ ನೀರೂ ಉರಿಯೂದಿಲ್ಲೇನು, ಹಂಗ."

"ಅಂದ್ರ ಮೆಣಸಿನಕಾಯಿ ಕೆಟ್ಟಿದ್ದಿಲ್ಲ?"

"ಅದು ಇದ್ದಂಗ ಐತ್ರಿ. ಬದಲಾಗಿದ್ದು ನಿಮ್ಮ ನರ."

ಎರಡು ತಿಂಗಳು ಬೆಳಿಗ್ಗೆ ಸಂಜೆ ಔಷಧದ ಪಂಪ್ ಬಾಯಿಗಿಟ್ಟು ಎಳೆಯಬೇಕು, ಖಾರದ ಧೂಳಿನ ಬಳಿ ಸುಳಿಯಬಾರದು ಎಂದರು. ಊರಿಗೆ ಮರಳುವ ಬಸ್ಸು ಬೆಳಗಾವಿಯ ಉದ್ಯಮಬಾಗ ದಾಟಿತು. ಅತ್ತೆ, "ಪಂಚಮಿಗೆ ಅಣ್ಣ ಬರತಾನೇನ ಇನ್ನ?" ಎಂದರು.

"ನಾ ಹೋಗಿ ಹೇಳತೇನ್ರಿ" ಎಂದೆ. ಬೇಡವಂತೆ! "ಬೈದಿದ್ದು ನನ್ನ ಬಾಯಿ, ನನ್ನ ಬಾಯಿಲೇನ ಹೇಳಬೇಕು."

ಹದಿನೈದು ದಿನಕ್ಕೆ ಕೆಮ್ಮು ಇಳಿಯಿತು. ಇಳಿದದ್ದೇ ತಡ, ಪಂಪ್ ಬಿಟ್ಟರು. "ಆರಾಮ ಆಗೇತಲ್ಲ, ಸುಳ್ಳೆ ಯಾಕ ಎಳೀಲಿ?" ಇಂಥವರ ಜೊತೆ ಹೇಗೆ ಬಾಳುವುದು ನೀವೇ ಹೇಳಿ. ಪಂಚಮಿಗೆ ಎಂಟು ದಿನವಿರುವಾಗ ನನ್ನ ಕಣ್ಣು ತಪ್ಪಿಸಿ ಈರಣ್ಣನ ಅಂಗಡಿಗೇ ನಡೆದರು. ಮತ್ತೆ ಸಂತೆಯ ದಿನ, ಅಲ್ಲಿ ಮೆಣಸಿನಕಾಯಿ ಚೀಲ ಸುರಿಯುತ್ತಿದ್ದರು. ನಾನು ಹಿಂದೆ ಓಡಿದೆ.

"ಅಣ್ಣಾ, ನಂದ..." ಅಷ್ಟೇ. ಕೆಮ್ಮು ಹತ್ತಿತು. ಬಗ್ಗಿ, ಎದೆ ಹಿಡಿದು, ಕಣ್ಣೀರು ಸುರಿಸುತ್ತ ಕೆಮ್ಮಿದರು. ಕೊಳ್ಳಲು ನಿಂತವರು ಕೈಯಲ್ಲಿದ್ದ ಮೆಣಸಿನಕಾಯಿ ಮರಳಿ ಹಾಕಿದರು. ಈರಣ್ಣ ಮಾವನ ಮುಖ ಕಪ್ಪಿಟ್ಟಿತು.

"ಮತ್ತ ಮಂದಿ ಮುಂದ ಮಾನ ಕಳ್ಯಾಕ ಬಂದೇನ ಸಂಗವ್ವ?"

ಅಲ್ಲ, ಅಲ್ಲ ಎಂದು ಅತ್ತೆ ತಲೆಯಾಡಿಸಿದರು. ಮಾತು ಹೊರಡದು. ಕೊನೆಗೆ ಆ ಜನರೆದುರೇ ಅಣ್ಣನ ಮುಂದೆ ಸೆರಗೊಡ್ಡಿ ನಿಂತರು.

ನಾನು ಬಾಯಿ ತೆರೆಯುವ ಮೊದಲೇ ಈರಣ್ಣ ಮಾವ ಗಲ್ಲಾಪೆಟ್ಟಿಗೆಯ ಕಟ್ಟೆಯಿಂದ ಇಳಿದು ಬಂದರು. ತಂಗಿಯ ರಟ್ಟೆ ಹಿಡಿದು, ಗಿರಾಕಿಗಳನ್ನು ಬಿಟ್ಟು, ರಸ್ತೆಯಾಚೆಯ ಗಾಳಿಗೆ ಕರೆತಂದು ಕೂರಿಸಿದರು. "ಏನೂ ಹೇಳಬ್ಯಾಡ, ಮೊದಲ ಉಸರ ತಗೋ."

ಉಸಿರು ಸಿಕ್ಕ ಕೂಡಲೇ ಅತ್ತೆ, "ನಿನ್ನ ಕಾಯಿ ಖರೇನ ಛಲೋ ಅದಾವ ಅಣ್ಣಾ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಈರಣ್ಣ ಮಾವ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡು ಅತ್ತರು.